ನಮ್ಮ ಕೇಪಿನ ಕೋವಿ ಎಷ್ಟು ಹಳೇದು?

ಹೋದ ಸುಗ್ಗಿಯಲ್ಲಿ ರಾಗಿ ಕಣ ಮಾಡ್ತಿದ್ದಾಗ ಒಬ್ಬರು ಕಾರಲ್ಲಿ ಬಂದರು. ಹಳೇ ಹಿತ್ತಾಳೆ ಹಂಡೆ, ಕೆತ್ತನೆ ಬಾಗಿಲು, ಮರದ ಕಂಬ ಕೊಳ್ಳುವ ವ್ಯಾಪಾರಿ. "ನಿಮ್ಮನೇಲಿ ಕೇಪಿನ ಕೋವಿ ಐತಂತಲ್ಲ ಯಜಮಾನ್ರೇ, ತೋರಿಸಿ" ಅಂದರು. ತೋರಿಸಿದೆ. "ಇದು ಟಿಪ್ಪು ಕಾಲದ್ದು. ಇಷ್ಟು ಹಳೇದಕ್ಕೆ ಲೈಸೆನ್ಸು ಗಿಯಿಸೆನ್ಸು ಏನೂ ಬೇಡ. ಇಪ್ಪತ್ತೈದು ಸಾವಿರ ಕೊಡ್ತೀನಿ, ಈಗಲೇ ಹಾಕ್ಕೊಂಡು ಹೋಗ್ತೀನಿ" ಅಂದರು.

ಸುಳ್ಳು ಯಾಕೆ ಹೇಳಲಿ, ಆಸೆ ಆಯಿತು. ಆ ವರ್ಷ ಬೋರು ನಿಂತುಹೋಗಿತ್ತು, ಕೈಲಿ ಕಾಸಿರಲಿಲ್ಲ. ಊರಲ್ಲೂ ಎಲ್ಲರೂ ಅದನ್ನ ಪಾಳೇಗಾರರ ಕಾಲದ ಕೋವಿ ಅಂತಲೇ ಹೇಳೋದು. ಒಂದು ವಾರ ಬಿಟ್ಟು ಬನ್ನಿ ಅಂತ ಕಳಿಸಿದೆ. ಅವತ್ತು ರಾತ್ರಿ ಸೀಮೆಎಣ್ಣೆ ಬಟ್ಟೆಯಲ್ಲಿ ನಳಿಗೆ ಉಜ್ಜಿದಾಗ ಬುಡದ ಹತ್ತಿರ ಅಕ್ಷರ ಕಂಡವು. ಇಂಗ್ಲೀಷಲ್ಲಿ ಮುಂಗೇರ್ ಅಂತ ಊರ ಹೆಸರು, ಒಂದು ನಂಬರು, 1964 ಅಂತ ಇಸವಿ. ಟಿಪ್ಪು ತೀರಿಕೊಂಡಿದ್ದು 1799ರಲ್ಲಿ. ಈ ಕೋವಿ ನನಗಿಂತ ಏಳೆಂಟು ವರ್ಷ ದೊಡ್ಡದು, ಅಷ್ಟೆ. ಅಜ್ಜ ಅಲ್ಲ, ಅಣ್ಣ.

ಹಾಗಾದರೆ ಟಿಪ್ಪು ಕಾಲದ ಥರ ಬಾಯಿಂದ ಮದ್ದು ತುಂಬೋ ಕೋವಿಯನ್ನ 1964ರಲ್ಲಿ ಯಾರು ಮಾಡಿದರು, ಯಾಕೆ ಮಾಡಿದರು? ಕೋವಿ ರಿಪೇರಿಯವರನ್ನ ಕೇಳಿ, ಮಗನ ಹತ್ತಿರ ಕಾನೂನು ಪುಸ್ತಕ ಓದಿಸಿ ತಿಳ್ಕೊಂಡಿದ್ದನ್ನ ಬರೀತಿದ್ದೇನೆ. ಇಂಥ ಕೋವಿ ನಮ್ಮ ಮೂರು ತಾಲ್ಲೂಕಲ್ಲಿ ಇನ್ನೂ ಎಷ್ಟೋ ಮನೆಯಲ್ಲಿದೆ.

ಬತ್ತಿ, ಕಲ್ಲು, ಕೇಪು

ಬಾಯಿಂದ ತುಂಬೋ ಕೋವಿಗೆ ಮೊದಲು ಮದ್ದು, ಮೇಲೆ ನಾರಿನ ಉಂಡೆ, ಆಮೇಲೆ ಚರೆ ಹಾಕಿ ಗಜದಲ್ಲಿ ಜಡೀಬೇಕು. ಇದು ಎಲ್ಲದಕ್ಕೂ ಒಂದೇ. ಬುಡದಲ್ಲಿ ಬೆಂಕಿ ಹೇಗೆ ಹಚ್ಚೋದು ಅನ್ನೋದು ಮಾತ್ರ ಕಾಲಕಾಲಕ್ಕೆ ಬದಲಾಯಿತು. ಮೊದಲು ಉರಿಯೋ ಬತ್ತಿ ಇತ್ತು. ಆಮೇಲೆ ಚಕಮಕಿ ಕಲ್ಲು ಬಂತು. ಟಿಪ್ಪುವಿನ ಕಾರ್ಖಾನೆಗಳಲ್ಲಿ ಆಗಿದ್ದು ಕಲ್ಲಿನ ಕೋವಿ. ಶ್ರೀರಂಗಪಟ್ಟಣದಲ್ಲೂ ಬಿದನೂರು ನಗರದಲ್ಲೂ ಮಾಡ್ತಿದ್ದರು. ಯುರೋಪಿನ ಕೋವಿ ನೋಡಿ ಅದೇ ಥರ ಮಾಡಿ, ಮೇಲೆ ಹುಲಿಮುಖ, ಹುಲಿಪಟ್ಟೆ ಹಾಕ್ತಿದ್ದರು. 1788ರಲ್ಲಿ ಫ್ರಾನ್ಸಿಗೆ ಹೋದ ಟಿಪ್ಪುವಿನ ರಾಯಭಾರಿಗಳು ಅಲ್ಲಿಂದ ಕುಶಲಕರ್ಮಿಗಳನ್ನೂ ಕರ್ಕೊಂಡು ಬಂದರು. ಆ ಸೈನ್ಯದ ಫಿರಂಗಿ ಎಳೆದಿದ್ದು ನಮ್ಮ ಅಜ್ಜಂಪುರದವರಿಗೆ ಗೊತ್ತಿರೋ ಅಮೃತಮಹಲ್ ಎತ್ತುಗಳೇ.

ಕೇಪು ಬಂದಿದ್ದು ಆಮೇಲೆ. 1807ರಲ್ಲಿ ಸ್ಕಾಟ್ಲೆಂಡಿನ ಫೋರ್ಸೈತ್ ಅನ್ನೋ ಪಾದ್ರಿ, ಪೆಟ್ಟು ಬಿದ್ದರೆ ಸಿಡಿಯೋ ಮದ್ದನ್ನ ಕೋವಿಗೆ ಬಳಸೋದಕ್ಕೆ ಪೇಟೆಂಟ್ ಪಡೆದರು. ಹಕ್ಕಿ ಶಿಕಾರಿಗೆ ಹೋದಾಗ ಕಲ್ಲಿನ ಕಿಡಿ ಕಂಡು ಹಕ್ಕಿ ಹಾರಿಹೋಗ್ತಿತ್ತಂತೆ, ಅದಕ್ಕೆ ಹುಡುಕಿದ ಉಪಾಯ. 1820ರ ಸುಮಾರಿಗೆ ತಾಮ್ರದ ಪುಟ್ಟ ಟೋಪಿಯ ಕೇಪು ರೂಢಿಗೆ ಬಂತು. ಕುದುರೆ ಬಡಿದರೆ ಕೇಪು ಸಿಡಿದು, ನಿಪ್ಪಲ್ ತೂತಿನಿಂದ ಬೆಂಕಿ ಒಳಗೆ ಹೋಗುತ್ತೆ. ನಮ್ಮ ಮನೆಯದೂ ಇದೇ.

ಆದರೆ ಇದರ ಕಾಲ ಬಹಳ ದಿನ ನಡೀಲಿಲ್ಲ. 1866ರ ಹೊತ್ತಿಗೆ ಇಂಗ್ಲೆಂಡ್ ಸೈನ್ಯ ತನ್ನ ಕೇಪಿನ ಕೋವಿಗಳನ್ನ ಬುಡದಿಂದ ತೋಟಾ ತುಂಬೋ ಹಾಗೆ ಬದಲಾಯಿಸಿಕೊಂಡಿತ್ತು. ಅಂದರೆ ಸೈನ್ಯ ಬಿಟ್ಟು ನೂರು ವರ್ಷ ಆದಮೇಲೆ ನಮ್ಮ ಕೋವಿ ಹೊಸದಾಗಿ ತಯಾರಾಗಿದೆ!

ಹಳೇ ಮಾದರಿ ಉಳಿದದ್ದು ಕಾನೂನಿನಿಂದ

ಕಾರಣ ಕಾನೂನಿನಲ್ಲಿದೆ. 1857ರ ದಂಗೆ ಆದಮೇಲೆ ಬ್ರಿಟಿಷರಿಗೆ ನಮ್ಮ ಜನರ ಕೈಯಲ್ಲಿ ಒಳ್ಳೇ ಕೋವಿ ಇರೋದೇ ಭಯ. ತಮ್ಮದೇ ದೇಶೀ ಸಿಪಾಯಿಗಳಿಗೂ ಒಳಗೆ ತಿರುಪು ಗೆರೆ ಇಲ್ಲದ, ದೂರಕ್ಕೆ ಗುರಿ ನಿಲ್ಲದ ನುಣುಪು ನಳಿಗೆ ಕೊಟ್ಟರು. 1878ರಲ್ಲಿ ಆಯುಧ ಕಾಯ್ದೆ ತಂದು ಲೈಸೆನ್ಸ್ ಕಡ್ಡಾಯ ಮಾಡಿದರು. ಕೊಡಗಿನವರಿಗೆ ವಿನಾಯಿತಿ ಸಿಕ್ಕಿತು, ಅದು ಇವತ್ತಿಗೂ ನಡೀತಿದೆ.

ಸ್ವಾತಂತ್ರ್ಯ ಬಂದಮೇಲೆ 1959ರ ಆಯುಧ ಕಾಯ್ದೆ ಬಂತು. ಅದರ 13ನೇ ಕಲಮು ನಮಗೆ ಸಂಬಂಧಪಟ್ಟಿದ್ದು. ನಿಜವಾಗಿ ಬೆಳೆ ರಕ್ಷಣೆಗೆ ಬೇಕು ಅನ್ನುವ ರೈತನಿಗೆ ಬಾಯಿಂದ ತುಂಬುವ ಕೋವಿಗೆ ಲೈಸೆನ್ಸ್ ಕೊಡಬೇಕು ಅಂತ ಅದರಲ್ಲಿದೆ. ಅದು ಸಾಲದು ಅಂತ ಅಧಿಕಾರಿಗೆ ಮನವರಿಕೆ ಆದರೆ ಮಾತ್ರ ಬೆಳೆಗೆ ತೋಟಾ ಕೋವಿ. ಒಂದು ಈಡು ಹೊಡೆದು ಮತ್ತೆ ತುಂಬೋಕೆ ಹೊತ್ತು ಹಿಡಿಯುತ್ತೆ. ಹಂದಿ ಬೆದರಿಸೋಕೆ ಸಾಕು, ದೊಂಬಿಗೆ ಆಗಲ್ಲ. ಸರ್ಕಾರದ ಲೆಕ್ಕಾಚಾರ ಇದೇ ಇರಬೇಕು ಅಂತ ನನ್ನ ಅನಿಸಿಕೆ.

ತರೀಕೆರೆ ಕಡೆ ಭದ್ರಾ ಕಾಡಿನ ಅಂಚು, ಕಡೂರು ಕಡೆ ರಾಗಿ ಶೇಂಗಾಕ್ಕೆ ಬೀಳೋ ಹಂದಿ. ಆ ಕಾಲದಲ್ಲಿ ಅರ್ಜಿ ಹಾಕಿದ ನಮ್ಮಪ್ಪನಂಥವರಿಗೆ ಸಿಕ್ಕಿದ್ದು ಈ ಕೋವಿ. ಬೇಡಿಕೆ ಇದ್ದಮೇಲೆ ಮಾಡೋರೂ ಇರಬೇಕಲ್ಲ.

ಮುಂಗೇರ್ ಎಂಬ ಊರು

ಮುಂಗೇರ್ ಇರೋದು ಬಿಹಾರದಲ್ಲಿ, ಗಂಗಾನದಿ ದಡದಲ್ಲಿ. ಬಂಗಾಳದ ನವಾಬ ಮೀರ್ ಕಾಸಿಂ 1762ರಲ್ಲಿ ಕಂಪನಿಯವರ ಕಣ್ಣಿಂದ ದೂರ ಇರಲಿ ಅಂತ ರಾಜಧಾನಿಯನ್ನ ಮುರ್ಷಿದಾಬಾದಿನಿಂದ ಅಲ್ಲಿಗೆ ಸಾಗಿಸಿದ. ಅವನ ಸೇನಾಪತಿ, ಆರ್ಮೇನಿಯಾ ಮೂಲದ ಗುರ್ಗಿನ್ ಖಾನ್ ಅಲ್ಲಿ ಕೋವಿ ಕಾರ್ಖಾನೆ ಹಾಕಿಸಿದ. ನವಾಬ ಸೋತು ಹೋದ, ಆದರೆ ಕೈಕೆಲಸದವರು ಉಳಿದರು. ಸ್ವಾತಂತ್ರ್ಯ ಬಂದಮೇಲೆ ಲೈಸೆನ್ಸ್ ಪಡೆದ ಸಣ್ಣ ಸಣ್ಣ ಕಾರ್ಖಾನೆಗಳನ್ನ ಒಂದೇ ಆವರಣಕ್ಕೆ ತಂದರು. ಅಪ್ಪನಿಂದ ಮಗನಿಗೆ ಬಂದ ಕಸುಬು, ನಮ್ಮ ಕುಲುಮೆ ಆಚಾರ್‍ರ ಹಾಗೆ.

ಕೆಲಸದಲ್ಲಿ ಮುಖ್ಯವಾದದ್ದು ನಳಿಗೆ ಬುಡ. ಬಾಯಿಂದ ತುಂಬೋ ಕೋವಿಯ ಹಿಂಭಾಗಕ್ಕೆ ತಿರುಪಿನ ಬಿರಡೆ ಹಾಕಿ ಮುಚ್ಚಿರುತ್ತಾರೆ. ಪಕ್ಕದಲ್ಲಿ ನಿಪ್ಪಲ್ ಕೂರಿಸಿರುತ್ತಾರೆ. ಈಡಿನ ಒತ್ತಡ ಎಲ್ಲಾ ಬೀಳೋದು ಈ ಎರಡರ ಮೇಲೆ. ಮದ್ದಿನ ಮಸಿ ತೇವ ಎಳ್ಕೊಂಡು ಮೊದಲು ತುಕ್ಕು ಹಿಡಿಯೋದೂ ಇಲ್ಲೇ. ಹೊರಗೆ ಫಳಫಳ ಅಂದರೂ ಒಳಗೆ ತಿಂದುಹೋಗಿರಬಹುದು.

ಹೊರದೇಶದಲ್ಲಿ ಇದೇ ಕೋವಿ ಆಟಿಕೆ

ನಮಗೆ ಕಾನೂನಿನಿಂದ ಬಂದ ಹಳೇ ಮಾದರಿ, ಅದೇ ಹೊತ್ತಿಗೆ ಅಮೆರಿಕದಲ್ಲಿ ಹವ್ಯಾಸಕ್ಕೆ ಬಂತು. ಅವರ ಅಂತರ್ಯುದ್ಧಕ್ಕೆ 1961ರಿಂದ 65ರವರೆಗೆ ನೂರು ವರ್ಷದ ನೆನಪು. ಅಜ್ಜಂದಿರ ಕೋವಿಯಲ್ಲೇ ಗುರಿ ಹೊಡೀಬೇಕು ಅಂತ ಜನಕ್ಕೆ ಹುಚ್ಚು ಹಿಡೀತು. ಅಸಲಿ ಕೋವಿ ಸಾಕಾಗಲಿಲ್ಲ. ಇಟಲಿಯ ಗಾರ್ಡೋನೆ ಕಣಿವೆಯಲ್ಲಿ ಪೆಡೆರ್ಸೋಲಿ (1957), ಉಬೆರ್ಟಿ (1959) ಅನ್ನೋ ಮನೆತನದ ಕಾರ್ಖಾನೆಗಳು ತದ್ರೂಪು ಮಾಡಿ ಕಳಿಸಿದವು. 1970ರ ದಶಕದಲ್ಲಿ ಇಂಗ್ಲೆಂಡಿನ ಪಾರ್ಕರ್ ಹೇಲ್ ಕಂಪನಿ ಹಳೇ ಎನ್‌ಫೀಲ್ಡ್ ಕೋವಿಯನ್ನ ಹಳೇ ಅಳತೆಯಲ್ಲೇ ಮತ್ತೆ ಮಾಡಿತು. ನಮ್ಮ ದೇಶದಿಂದಲೂ ಬೆಂಕಿ ತೂತು ಕೊರೆಯದ ಕಲ್ಲಿನ ಕೋವಿಗಳು ನಾಟಕ, ಅಲಂಕಾರಕ್ಕೆ ಅಂತ ಹೊರಗೆ ಹೋಗ್ತವೆ. ಅಮೆರಿಕದ 1968ರ ಕಾನೂನಲ್ಲಿ ಇಂಥ ತದ್ರೂಪುಗಳನ್ನ ಕೋವಿಯ ಲೆಕ್ಕಕ್ಕೇ ಸೇರಿಸಿಲ್ಲ.

"ಹಳೇದಕ್ಕೆ ಲೈಸೆನ್ಸು ಬೇಡ" ಅನ್ನೋ ಮಾತು ಅಲ್ಲಿಂದಲೇ ಬಂದಿರಬೇಕು. ನಮ್ಮಲ್ಲಿ ಹಾಗಿಲ್ಲ. ಕಾಯ್ದೆಯ 45ನೇ ಕಲಮಿನಲ್ಲಿ ಹಳೇ ಮಾದರಿಗೆ ಬಿಡುಗಡೆ ಇದೆ ನಿಜ. ಆದರೆ ರಿಪೇರಿ ಮಾಡಿದರೂ ಈಡು ಹಾರದಂಥದ್ದಕ್ಕೆ ಮಾತ್ರ. ಹಾರುವ ಕೋವಿ ಹೇಗಿದ್ದರೂ ಕೋವಿಯೇ.

ನಾವು ಮಾಡಬೇಕಾದ್ದು

ವ್ಯಾಪಾರಿ ಮಾತು ಕೇಳಿ ಕೊಟ್ಟಿದ್ದರೆ ದುಡ್ಡು ಬೋರಿಗೆ ಹೋಗ್ತಿತ್ತು, ನಾನು ಕೋರ್ಟಿಗೆ ಹೋಗ್ತಿದ್ದೆ. ಅದಕ್ಕೆ ಈ ಕೆಲವು ಮಾತು ನೆನಪಿಡಿ.

ಒಂದು, ನಳಿಗೆ ಮೇಲಿನ ಹೆಸರು, ನಂಬರು ಉಜ್ಜಿ ಅಳಿಸಬೇಡಿ, ಅದೇ ಅಪರಾಧ. ನಂಬರು ಲೈಸೆನ್ಸ್ ಪುಸ್ತಕದ ಜೊತೆ ತಾಳೆ ನೋಡಿ.

ಎರಡು, ಮಾರೋದಾದರೆ ಲೈಸೆನ್ಸ್ ಇರೋರಿಗೇ ಮಾರಬೇಕು. ಅದಕ್ಕೂ 45 ದಿನ ಮೊದಲು ಜಿಲ್ಲಾಧಿಕಾರಿಗೋ ಹತ್ತಿರದ ಪೊಲೀಸ್ ಠಾಣೆಗೋ ಬರವಣಿಗೆಯಲ್ಲಿ ತಿಳಿಸಬೇಕು.

ಮೂರು, ಲೈಸೆನ್ಸುದಾರರು ತೀರಿಕೊಂಡರೆ ತಡಮಾಡದೆ ಕೋವಿಯನ್ನ ಠಾಣೆಗೋ ಲೈಸೆನ್ಸ್ ಇರೋ ಅಂಗಡಿಗೋ ಒಪ್ಪಿಸಿ, ಆಮೇಲೆ ಹೆಸರು ಬದಲಾವಣೆಗೆ ಓಡಾಡಿ. ನಾನು ಎರಡು ವರ್ಷ ಓಡಾಡಿದೆ, ಆದರೂ ರಸೀದಿ ಕೈಲಿದ್ದಿದ್ದಕ್ಕೆ ಭಯ ಇರಲಿಲ್ಲ.

ನಾಲ್ಕು, ವರ್ಷಗಟ್ಟಲೆ ಬಳಸದ ಕೋವಿಗೆ ಮದ್ದು ಹಾಕಬೇಡಿ. ಲೈಸೆನ್ಸ್ ಇರೋ ರಿಪೇರಿಯವರಿಂದ ಬುಡ ಬಿಚ್ಚಿಸಿ ನೋಡಿಸಿ.

ಐದು, ಬೆಳೆ ರಕ್ಷಣೆ ಲೈಸೆನ್ಸ್ ಅಂದರೆ ಬೇಟೆ ಲೈಸೆನ್ಸ್ ಅಲ್ಲ. ಹಂದಿ, ನವಿಲು, ಬಾಸೂರು ಕಾವಲಿನ ಕೃಷ್ಣಮೃಗ ಎಲ್ಲವೂ 1972ರ ವನ್ಯಜೀವಿ ಕಾಯ್ದೆಗೆ ಸೇರಿವೆ.

ನಮ್ಮದನ್ನ ಬಿಚ್ಚಿಸಿದಾಗ ಬಿರಡೆಯ ತಿರುಪು ಅರ್ಧ ತಿಂದುಹೋಗಿತ್ತು. ನಾವು ಮದ್ದು ಹಾಕಿದ್ದಿದ್ದರೆ ಹೊಡೆದವನ ಮುಖಕ್ಕೇ ಬರ್ತಿತ್ತು ಅಂದರು ರಿಪೇರಿಯವರು. ವಾರ ಬಿಟ್ಟು ವ್ಯಾಪಾರಿ ಮತ್ತೆ ಬಂದರು. ಮಾತಾಡಲಿಲ್ಲ, 1964 ಅನ್ನೋ ಇಸವಿ ಮೇಲೆ ಬೆರಳಿಟ್ಟು ತೋರಿಸಿದೆ. ಕಾಫಿ ಕುಡಿದು ಹೋದರು.