ಮುಚ್ಚಳದ ಲೆಕ್ಕವೇ ಬೇರೆ

ಸಾಗರದ ಗುಡಿಗಾರರ ಗಂಧದ ಪೆಟ್ಟಿಗೆ ಕಂಡರೆ ಎಲ್ಲರೂ ಕೆತ್ತನೆ ನೋಡುತ್ತಾರೆ. ನನ್ನ ಕಣ್ಣು ಹಲಗೆಯ ಮೇಲೆ. ಗಂಧದ ಮರ ಸಿಗುವುದೇ ಕಷ್ಟ, ಸಿಕ್ಕರೂ ತೂಕದ ಲೆಕ್ಕದಲ್ಲಿ ದುಬಾರಿ. ಒಂದು ಲೀಟರ್ ಹಿಡಿಸುವ ಪೆಟ್ಟಿಗೆಗೆ ಕನಿಷ್ಠ ಎಷ್ಟು ಹಲಗೆ ಸಾಕು?

ತೀರ್ಥಹಳ್ಳಿಯಲ್ಲಿ ಪಿಯುಸಿ ಓದುವ ನನಗೆ ಇದು ಪಾಠದ್ದೇ ಲೆಕ್ಕ. ಚೌಕ ತಳದ ಬದಿ 'ಎಕ್ಸ್' ಸೆಂ.ಮೀ. ಇರಲಿ. ಘನಫಲ 1000 ಎಂದು ಗೊತ್ತಿರುವುದರಿಂದ ಎತ್ತರಕ್ಕೆ ಇನ್ನೊಂದು ಅಕ್ಷರ ಬೇಡ, ಅದು 1000/ಎಕ್ಸ್². ತಳ, ಮುಚ್ಚಳ ಸೇರಿ 2ಎಕ್ಸ್², ನಾಲ್ಕು ಪಕ್ಕಕ್ಕೆ 4000/ಎಕ್ಸ್. ಬದಿ 5 ಆದರೆ ಒಟ್ಟು 850 ಚದರ ಸೆಂ.ಮೀ., 20 ಆದರೆ 1000, 10 ಆದರೆ ಬರೀ 600. ಅವಕಲನ ಮಾಡಿದರೂ ಉತ್ತರ 10. (ಹಲಗೆಯ ದಪ್ಪ, ಗರಗಸದ ಪುಡಿ ಬಿಟ್ಟು.)

ಹೊಸನಗರದ ನಮ್ಮ ಮನೆಗೆ ಬಂದಿದ್ದ, ಸಾಗರದಲ್ಲಿ ಕೆತ್ತನೆ ಮಾಡುವ ಮಾವನಿಗೆ ತೋರಿಸಿದೆ.

"ಲೆಕ್ಕ ಸರಿ ಮಾರಾಯ್ತಿ. ಹತ್ತು ಸೆಂಟಿಮೀಟರಲ್ಲಿ ಆನೆ, ಬಳ್ಳಿ ಎಲ್ಲ ಎಲ್ಲಿ ಕೂರಿಸ್ಲಿ? ಗಿರಾಕಿ ಕೊಳ್ಳೋದು ಮುಚ್ಚಳನ" ಅಂದರು.

ಬದಿ 15 ಹಾಕಿ ನೋಡಿದೆ: ಸುಮಾರು 717. ಮರ ಐದನೇ ಒಂದು ಭಾಗದಷ್ಟು ಹೆಚ್ಚು, ಮುಚ್ಚಳ ಮಾತ್ರ 100ರಿಂದ 225ಕ್ಕೆ! ಮಾವ ಆ ಅಳತೆಯನ್ನೇ ಬರೆದುಕೊಂಡು ಹೋದರು.