ಗೋಪುರ ಕಟ್ಟಿದವರು ಒಬ್ಬರು, ದೀಪ ಹಚ್ಚುವವರು ಮತ್ತೊಬ್ಬರು

ಅಶೋಕ ರಸ್ತೆಯಲ್ಲಿ ಬಸ್ಸು ಸಂತ ಫಿಲೋಮಿನಾ ಚರ್ಚಿನ ಹತ್ತಿರ ಬಂತೆಂದರೆ ಸಾಕು, ನೂರು ಸಲ ನೋಡಿದವರೂ ಕಿಟಕಿಯಲ್ಲಿ ಬಗ್ಗಿ ಆ ಜೋಡಿ ಗೋಪುರವನ್ನು ಇನ್ನೊಂದು ಸಲ ನೋಡುತ್ತಾರೆ. ಮೊನ್ನೆ ಹಾಗೆ ನೋಡಿದ ಒಬ್ಬರು ಪಕ್ಕದವರಿಗೆ, "ಇವರಿಗೇನ್ ಕಮ್ಮಿ ಬಿಡಿ ಯಜಮಾನ್ರೇ, ಎಲ್ಲಾ ಫಾರಿನ್ ದುಡ್ಡು" ಎಂದರು. ಯಜಮಾನರು, "ಹೂಂ ಮತ್ತೆ! ನಮ್ ಮಹಾರಾಜ್ರು ಕಟ್ಟಿಸಿಕೊಟ್ರು, ಫಾರಿನ್ನೋರು ನಡೆಸ್ತಾರೆ" ಎಂದು ಷರಾ ಬರೆದೇಬಿಟ್ಟರು. ಅಷ್ಟರಲ್ಲಿ ಸ್ಟಾಪು ಬಂತು, ಇಬ್ಬರೂ ಇಳಿದು ಹೋದರು.

ಈ ಮಾತು ಮೈಸೂರಿಗೆ ಹೊಸದಲ್ಲ. ಅರ್ಧ ನಿಜ, ಅರ್ಧ ಗಾಳಿಮಾತು.

ನಿಜದ ಅರ್ಧ ಮೊದಲು ಹೇಳಿಬಿಡೋಣ. ಈ ಜಾಗದಲ್ಲಿ 1843ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಒಂದು ಚರ್ಚು ಎದ್ದಿತು. 1926ರಲ್ಲಿ ಅರಮನೆಯ ಹುಜೂರ್ ಕಾರ್ಯದರ್ಶಿಯಾಗಿದ್ದ ತಂಬು ಚೆಟ್ಟಿಯವರು ಸಂತ ಫಿಲೋಮಿನಾಳ ಪವಿತ್ರ ಅವಶೇಷವನ್ನು ದೊರಕಿಸಿದರು. ಅದನ್ನು ಇಡಲು ತಕ್ಕ ಮಂದಿರ ಬೇಕೆಂದು ಫಾದರ್ ಕೋಷೆ ಮಹಾರಾಜರ ಮೊರೆಹೊಕ್ಕರು. 1933ರ ಅಕ್ಟೋಬರ್ 28ರಂದು ನಾಲ್ವಡಿಯವರು ಈಗಿನ ಕಟ್ಟಡಕ್ಕೆ ಅಸ್ತಿಭಾರ ಹಾಕಿದರು. ಅವತ್ತು ಅವರು ಆಡಿದ ಮಾತಿನ ಸಾರ ಇದು: ಈ ಚರ್ಚಿಗೆ ಎರಡು ತಳಪಾಯ, ಒಂದು ದೇವರ ಕರುಣೆ, ಇನ್ನೊಂದು ಮನುಷ್ಯರ ಕೃತಜ್ಞತೆ.

ಮೊದಲನೆಯ ತಳಪಾಯದ ಸಂಗತಿ ನಮ್ಮಂಥ ಪತ್ರಿಕೆಯವರ ಅಳತೆಗೆ ಸಿಗುವಂಥದ್ದಲ್ಲ. ಎರಡನೆಯದರ ಮೇಲೆ ಮಾತ್ರ ಒಂದಿಷ್ಟು ಮಾತಾಡಬಹುದು.

ಏಕೆಂದರೆ ಸ್ವಾಮಿ, ಗೋಪುರವನ್ನು ಒಂದು ಸಲ ಕಟ್ಟಿದರೆ ಆಯಿತು, ಕರೆಂಟ್ ಬಿಲ್ಲು ಮಾತ್ರ ತಿಂಗಳು ತಿಂಗಳೂ ಬರುತ್ತದೆ. ಗುಡಿಸುವವರ ಸಂಬಳ, ಕಾವಲಿನವನ ಸಂಬಳ, ಸೋರುವ ಸೂರು, ಕೆಟ್ಟ ಮೈಕು. ದೊಡ್ಡ ಚರ್ಚಿಗಾದರೆ ಟೂರಿಸ್ಟರಾದರೂ ಬಂದು ಡಬ್ಬಿಗೆ ನಾಲ್ಕು ಕಾಸು ಹಾಕಿ ಹೋದಾರು. ಬಡಾವಣೆಯ ಸಂದಿಯಲ್ಲಿರುವ ಚಿಕ್ಕ ಸಭೆಗೆ ಯಾವ ಟೂರಿಸ್ಟ್ ಬರುತ್ತಾನೆ? ಅಲ್ಲಿ ಕೂತು ಹಾಡುವವರೇ ಕೊಡಬೇಕು.

ಫಾರಿನ್ ದುಡ್ಡೋ? ಅದು ತರಕಾರಿ ಮಾರ್ಕೆಟ್ಟಿಗೆ ಲಾರಿ ಬಂದ ಹಾಗೆ ಬರುವುದಿಲ್ಲ. 2010ರ ವಿದೇಶಿ ದೇಣಿಗೆ ಕಾಯ್ದೆಯ ಪ್ರಕಾರ ನೋಂದಣಿ ಅಥವಾ ಮುಂಗಡ ಅನುಮತಿ ಇಲ್ಲದ ಸಂಸ್ಥೆ ಅದನ್ನು ಮುಟ್ಟುವಂತಿಲ್ಲ. 2020ರ ತಿದ್ದುಪಡಿಯಿಂದ ಹಗ್ಗ ಇನ್ನೂ ಬಿಗಿಯಾಯಿತು. ದುಡ್ಡು ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಪಡೆದವರು ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವ ಹಾಗಿಲ್ಲ. ಅದೇ ವರ್ಷ ಮಾರ್ಚಿಯಲ್ಲಿ ಲಾಕ್‌ಡೌನ್ ಆಗಿ ಜೂನ್ 8ರವರೆಗೆ ಪ್ರಾರ್ಥನಾ ಮಂದಿರಗಳ ಬಾಗಿಲು ಮುಚ್ಚಿದ್ದವು. ಭಾನುವಾರದ ಆರಾಧನೆ ನಿಂತರೆ ಕಾಣಿಕೆ ಚೀಲವೂ ನಿಂತ ಹಾಗೆ. ಎರಡು ತಿಂಗಳು ಶಟರ್ ಎಳೆದ ಅಂಗಡಿಯವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಕೊಡುವುದು ಹೇಗೆ ಎಂಬುದಕ್ಕೆ ಒಂದು ಹಳೆಯ ಕಥೆ ಇದೆ. ಮೈಸೂರಿಗೂ ಅದಕ್ಕೂ ನಂಟುಂಟು. ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆ ಯಾರಿಗೆ ಗೊತ್ತಿಲ್ಲ? 1906ರಲ್ಲಿ ಅದನ್ನು ತೆರೆದದ್ದು ವೆಸ್ಲಿಯನ್ ಮಿಷನ್ನಿನವರು, ಅಂದರೆ ಜಾನ್ ವೆಸ್ಲಿಯ ಪಂಥದವರು. ಅವರ ಸಭೆಗಳೆಲ್ಲ 1947ರ ಸೆಪ್ಟೆಂಬರಿನಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ. ಸೇರಿದವು. ಈ ವೆಸ್ಲಿಯ ಕಾಲದಲ್ಲಿ, 1742ರಲ್ಲಿ, ಇಂಗ್ಲೆಂಡಿನ ಬ್ರಿಸ್ಟಲ್ ಊರಿನಲ್ಲಿ ಅವರ ಪ್ರಾರ್ಥನಾ ಮಂದಿರದ ಮೇಲೆ ಸಾಲ ಕೂತಿತ್ತು. ತೀರಿಸುವುದು ಹೇಗೆ ಎಂದು ಎಲ್ಲರೂ ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ಕ್ಯಾಪ್ಟನ್ ಫಾಯ್ ಎಂಬಾತ ಎದ್ದು, ಸಾಲ ತೀರುವ ತನಕ ತಲೆಗೆ ವಾರಕ್ಕೊಂದು ಪೆನ್ನಿ ಹಾಕೋಣ ಎಂದ. ಅಷ್ಟೂ ಕೊಡಲಾರದ ಬಡವರಿದ್ದಾರಲ್ಲಾ ಎಂದು ಯಾರೋ ಆಕ್ಷೇಪ ತೆಗೆದರು. ಅದಕ್ಕೆ ಆತ, ಹನ್ನೊಂದು ಜನ ಕಡುಬಡವರನ್ನು ನನ್ನ ಪಾಲಿಗೆ ಹಾಕಿ, ವಾರವಾರ ಅವರ ಮನೆಗೆ ಹೋಗಿ ಬರುತ್ತೇನೆ, ಕೊಟ್ಟರೆ ಸರಿ, ಇಲ್ಲದಿದ್ದರೆ ಅವರದ್ದೂ ನಾನೇ ಹಾಕುತ್ತೇನೆ ಅಂದನಂತೆ. ಉಳಿದವರೂ ಹಾಗೇ ಹನ್ನೊಂದು ಹನ್ನೊಂದು ಮನೆ ಹಂಚಿಕೊಂಡರು. ದುಡ್ಡು ಎತ್ತಲು ಹೋದವರಿಗೆ ಯಾರ ಮನೆಯಲ್ಲಿ ಕಾಯಿಲೆ, ಯಾರ ಮನೆಯಲ್ಲಿ ಕುಡಿತ, ಯಾರ ಒಲೆ ಉರಿದಿಲ್ಲ ಎಲ್ಲಾ ತಿಳಿಯತೊಡಗಿತು. ಆ ಪಂಥದ 'ಕ್ಲಾಸು' ಎಂಬ ಏರ್ಪಾಡು ಹುಟ್ಟಿದ್ದೇ ಹೀಗೆ. ವಸೂಲಿಗೆ ಹೋಗಿ ಕಷ್ಟ ಕೇಳಿ ಬಂದವರನ್ನು ನಮ್ಮ ಚೀಟಿ ವ್ಯವಹಾರದಲ್ಲಿ ನಾನಂತೂ ಕಂಡಿಲ್ಲ!

ನಮ್ಮ ಕಡೆಯ ಸಿ.ಎಸ್.ಐ. ಸಭೆಗಳಲ್ಲಿ ಸುಗ್ಗಿ ಹಬ್ಬ ನೋಡಬೇಕು. ಮನೆಯಿಂದ ತಂದ ಕುಂಬಳಕಾಯಿ, ಬಾಳೆಗೊನೆ, ಮೊಟ್ಟೆ, ಕಾಲು ಕಟ್ಟಿದ ಕೋಳಿ ಎಲ್ಲಾ ದೇವರ ಮುಂದೆ ಸಾಲಾಗಿ ಕೂರುತ್ತವೆ. ಆರಾಧನೆ ಮುಗಿಯಿತೋ, ಸವಾಲು ಶುರು. ಕೂಗಿ ತೆಗೆದುಕೊಂಡವರು ದುಡ್ಡು ಕೊಟ್ಟು, ಕಾಯಿಯನ್ನು ವಾಪಸು ಮೇಜಿನ ಮೇಲೇ ಇಡುತ್ತಾರೆ. ಮತ್ತೆ ಕೂಗು. ಒಂದೇ ಕುಂಬಳಕಾಯಿ ನಾಲ್ಕು ಸಲ ಮಾರಾಟವಾಗುತ್ತದೆ. ದೇವರಾಜ ಮಾರುಕಟ್ಟೆಯವರು ಕೇಳಿದರೆ ಹೊಟ್ಟೆಕಿಚ್ಚು ಪಡಬೇಕು. ಮಿಜೋರಾಮಿನಲ್ಲಂತೂ 1910ರ ಸುಮಾರಿನಿಂದ ಹೆಂಗಸರು ಅನ್ನಕ್ಕಿಡುವಾಗಲೆಲ್ಲ ಒಂದು ಹಿಡಿ ಅಕ್ಕಿ ಬೇರೆ ತೆಗೆದಿಡುತ್ತಾ ಬಂದಿದ್ದಾರೆ. ಆ ಅಕ್ಕಿ ಮಾರಿದ ದುಡ್ಡು ಅಲ್ಲಿನ ಸಭೆಯ ದೊಡ್ಡ ಆದಾಯ. ನಮ್ಮಲ್ಲಿ ಮಠಗಳಿಗೆ ಮುಷ್ಟಿ ಅಕ್ಕಿ ಎತ್ತಿಟ್ಟ ಅಜ್ಜಿಯರಿಗೆ ಇದು ಹೊಸ ವಿದ್ಯೆಯೇನಲ್ಲ.

ಇನ್ನು ಜಗಳದ ವಿಷಯ: ದಶಮಾಂಶ. ಹತ್ತರಲ್ಲೊಂದು ಕೊಡಲೇಬೇಕೇ? ಹಳೆಯ ಒಡಂಬಡಿಕೆಯಲ್ಲಿ ಅದಿದೆ, ಕಾರಣವೂ ಇದೆ. ದೇವಾಲಯದ ಕೆಲಸದ ಲೇವಿ ಕುಲಕ್ಕೆ ಸ್ವಂತ ಹೊಲದ ಪಾಲಿರಲಿಲ್ಲ. ಬೆಳೆದವರು ಹತ್ತರಲ್ಲೊಂದು ಕೊಟ್ಟರೇ ಅವರ ಊಟ. ಹೊಸ ಒಡಂಬಡಿಕೆಯ ಪೌಲ ಮಾತ್ರ ರೇಟು ಕಟ್ಟುವುದಿಲ್ಲ, ವಾರದ ಮೊದಲ ದಿನ ನಿಮ್ಮ ನಿಮ್ಮ ಸಂಪಾದನೆಗೆ ತಕ್ಕಂತೆ ತೆಗೆದಿಡಿ ಎನ್ನುತ್ತಾನೆ. ಕೆಥೋಲಿಕರ 1983ರ ಧರ್ಮಶಾಸನ ಸಂಹಿತೆಯೂ ಚರ್ಚಿನ ಅಗತ್ಯಕ್ಕೆ ನೆರವಾಗುವುದು ಕರ್ತವ್ಯ ಎನ್ನುತ್ತದೆಯೇ ಹೊರತು ಇಂತಿಷ್ಟು ಎಂದು ಹೇಳುವುದಿಲ್ಲ. ಜರ್ಮನಿಯಲ್ಲಿ ಲೆಕ್ಕ ಬೇರೆ. ನಮ್ಮ ಫಿಲೋಮಿನಾ ಗೋಪುರಕ್ಕೆ ಮಾದರಿ ಎನ್ನುವ ಕೊಲೋನ್ ಕೆಥೆಡ್ರಲ್ ಇರುವುದು ಅಲ್ಲೇ. ಅಲ್ಲಿ ಸರ್ಕಾರವೇ ಸಭೆಯ ಸದಸ್ಯರಿಂದ ಆದಾಯ ತೆರಿಗೆಯ ನೂರಕ್ಕೆ 8 ಅಥವಾ 9ರಷ್ಟು ಚರ್ಚು ತೆರಿಗೆ ಎತ್ತಿ ಚರ್ಚಿಗೆ ಕೊಡುತ್ತದೆ. ಬೇಡವೆಂದರೆ ಸದಸ್ಯತ್ವ ಬಿಡಬೇಕು. ನಮ್ಮಲ್ಲಿ ಹಾಗೆ ಮಾಡಿದರೆ ದೇವರ ಮೇಲೂ ಜನ ಅಪೀಲು ಹೋದಾರು.

ತಿಂಗಳಿಗೆ 15 ಸಾವಿರ ದುಡಿಯುವ ಗಾರೆ ಕೆಲಸದವನಿಗೆ 1,500 ಅಂದರೆ ಮಕ್ಕಳ ಸ್ಕೂಲ್ ಫೀಸು. ಎರಡು ಅಂಗಡಿ ಇಟ್ಟವನಿಗೆ ಹತ್ತನೇ ಒಂದು ಹೋದರೂ ಊಟದ ತಟ್ಟೆಯಲ್ಲಿ ಏನೂ ಕಮ್ಮಿಯಾಗುವುದಿಲ್ಲ. ಎರಡೂ ಹತ್ತಂಶವೇ, ಭಾರ ಒಂದೇ ಅಲ್ಲ. ಬಡ ವಿಧವೆಯೊಬ್ಬಳು ಎರಡು ಕಾಸು ಹಾಕಿದ್ದನ್ನು ಯೇಸು ಮೆಚ್ಚಿದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅದಕ್ಕೆ ಸ್ವಲ್ಪ ಮೇಲೆಯೇ, ಮಾರ್ಕನ ಅದೇ ಹನ್ನೆರಡನೆಯ ಅಧ್ಯಾಯದಲ್ಲಿ, ವಿಧವೆಯರ ಮನೆ ನುಂಗುವ ಶಾಸ್ತ್ರಿಗಳಿಗೆ ಆತ ಛೀಮಾರಿ ಹಾಕಿದ್ದೂ ಇದೆ. ಅದನ್ನು ಯಾಕೋ ಅಷ್ಟಾಗಿ ಹೇಳುವುದಿಲ್ಲ. ಕೊಟ್ಟವರ ಹೆಸರು, ಮೊತ್ತ ಓದುವ ಪದ್ಧತಿ ಇರುವ ಕಡೆ ಹತ್ತು ರೂಪಾಯಿಯವಳು ಹಿಂದಿನ ಬೆಂಚಿಗೆ ಸರಿಯುತ್ತಾಳೆ. ಗುಡಿಯಾಗಲಿ ಚರ್ಚಾಗಲಿ, ಟ್ಯೂಬ್‌ಲೈಟಿನ ಮೇಲೆ ಬೆಳಕಿಗಿಂತ ದಾನಿಯ ಹೆಸರೇ ದಪ್ಪ!

ಕನ್ನಡ ಬೈಬಲಿನಲ್ಲಿ 'ಮನೆವಾರ್ತೆಯವನು' ಎಂಬ ಮಾತು ಬರುತ್ತದೆ. ನಮ್ಮ ಭಾಷೆಯಲ್ಲಿ ಪಾರುಪತ್ಯಗಾರ. ಗಲ್ಲಾದ ಮುಂದೆ ಕೂತ ಗುಮಾಸ್ತನ ಹಾಗೆ, ದುಡ್ಡು ಕೈಯಲ್ಲಿರುತ್ತದೆ, ತನ್ನದಲ್ಲ. ಕೊಡುವ ಭಕ್ತನಿಗೆ ಈ ಮಾತನ್ನು ದಿನಾ ಹೇಳುತ್ತಾರೆ. ಪಡೆಯುವ ಕಮಿಟಿಗೂ ಅದು ಸಲ್ಲಬೇಕಷ್ಟೆ. ಮೇಲೆ ಹೇಳಿದ ಸಂಹಿತೆಯ ಪ್ರಕಾರ ಪ್ರತಿಯೊಂದು ಧರ್ಮಕೇಂದ್ರಕ್ಕೂ ಹಣಕಾಸು ಸಮಿತಿ ಇರಲೇಬೇಕು, ಭಕ್ತರು ಕೊಟ್ಟದ್ದರ ಲೆಕ್ಕ ಭಕ್ತರಿಗೆ ಒಪ್ಪಿಸಬೇಕು. ಸಿ.ಎಸ್.ಐ. ಸಭೆಗಳಲ್ಲಿ ಚುನಾಯಿತ ಕಮಿಟಿ, ಖಜಾಂಚಿ ಇರುತ್ತಾರೆ. ವರ್ಷದ ಲೆಕ್ಕವನ್ನು ನೋಟಿಸ್ ಬೋರ್ಡಿಗೆ ಅಂಟಿಸಿದ ಕಡೆ ಕಾಣಿಕೆ ಕೇಳುವ ಬಾಯಿಗೂ ಧೈರ್ಯ ಬರುತ್ತದೆ. ಬರೇ ಪ್ರಸಂಗ ಮಾಡಿ ಲೆಕ್ಕ ಮುಚ್ಚಿಟ್ಟರೆ, ಕೊಡುವವನು ನೂರರ ನೋಟು ಒಳಗಿಟ್ಟು ಹತ್ತು ತೆಗೆಯುತ್ತಾನೆ. ವ್ಯಾಪಾರಸ್ಥರಿಗೆ ಗೊತ್ತಿರುವ ವಿಷಯವೇ.

ಭಾನುವಾರ ಆರಾಧನೆ ಮುಗಿದ ಮೇಲೆ ಪಕ್ಕದ ಕೋಣೆಯಲ್ಲಿ ಇಬ್ಬರು ಕೂತು ಚೀಲ ಸುರುವಿ ಎಣಿಸುತ್ತಾರೆ. ಒಬ್ಬರೇ ಎಣಿಸಬಾರದು, ಅದು ಒಳ್ಳೆ ಪದ್ಧತಿ. ಎರಡು ರೂಪಾಯಿ ಒಂದು ಕಡೆ, ಐದರದ್ದು ಒಂದು ಕಡೆ, ಗಮ್ ಟೇಪು ಹಚ್ಚಿದ ನೋಟು ಇನ್ನೊಂದು ಕಡೆ. ಸೋಮವಾರ ಬೆಳಿಗ್ಗೆ ಚಿಲ್ಲರೆಗೆ ಅಂತ ಅಕ್ಕಪಕ್ಕದ ಅಂಗಡಿಯವರು ಮೊದಲೆಲ್ಲ ಚರ್ಚಿನ ಕಡೆ ಬರುತ್ತಿದ್ದರು. ಈಗ ಬಾಗಿಲ ಪಕ್ಕದಲ್ಲಿ ಕ್ಯೂಆರ್ ಕೋಡ್ ಅಂಟಿಸಿದ್ದಾರೆ, ಕಾಣಿಕೆ ಫೋನಿನಲ್ಲೇ ಹೋಗುತ್ತದೆ. ಅಂಗಡಿಯವರಿಗೆ ಆ ಚಿಲ್ಲರೆಯೂ ತಪ್ಪಿತು.