ಕೀಲಿನ ಮುಂದಿನ ಸೀಸ

ವಿಮಾನವನ್ನು ಮನೆಯಲ್ಲಿಯೇ ಕಟ್ಟುವವರಿದ್ದಾರೆ ಎಂದರೆ ನಮ್ಮ ಕಂಪ್ಲಿ ಸೀಮೆಯಲ್ಲಿ ನಂಬುವವರು ಕಡಿಮೆ. ಬಂಡಿಯನ್ನು ಬಡಗಿಯೂ ಕಮ್ಮಾರನೂ ಕೂಡಿ ಊರಿನಲ್ಲಿಯೇ ಕಟ್ಟಿದರು. ಹರಿಗೋಲನ್ನು ತುಂಗಭದ್ರೆಯ ದಡದಲ್ಲಿ ಕುಳಿತು ಹೆಣೆದರು. ಇವು ಒಪ್ಪತಕ್ಕ ಸಂಗತಿಗಳು. ವಿಮಾನದ ಮಾತೇ ಬೇರೆ. ಮೆಟ್ರಿಯ ಕಟ್ಟೆಯ ಮೇಲೆ ಈ ವಿಷಯ ತೆಗೆದಾಗ ನನಗೆ ಎದುರಾಗುವ ಮೊದಲ ಪ್ರಶ್ನೆ ‘ಅದು ಹಾರುತ್ತದೆಯೆ?’ ಎಂದಲ್ಲ, ‘ನೆಟ್ಟಗೆ ಇಳಿಯುತ್ತದೆಯೆ?’ ಎಂದು. ಪ್ರಶ್ನೆ ಸರಿಯಾದದ್ದೇ. ಅದಕ್ಕೆ ಉತ್ತರ ಹುಡುಕಹೊರಟವನು ಎಂಜಿನ್ನಿನ ಬಲ, ರೆಕ್ಕೆಯ ಉದ್ದ ಮೊದಲಾದವುಗಳನ್ನು ದಾಟಿ, ಕೊನೆಗೆ ಹಿಡಿಯಷ್ಟು ಸೀಸದ ಮುಂದೆ ಬಂದು ನಿಲ್ಲಬೇಕಾಗುತ್ತದೆ. ಈ ಬರೆಹ ಆ ಸೀಸವನ್ನು ಕುರಿತದ್ದು.

ಮನೆಯಲ್ಲಿ ವಿಮಾನ ಕಟ್ಟುವುದು ಕೇವಲ ಹೊರದೇಶದ ಶ್ರೀಮಂತರ ಹವ್ಯಾಸವೆಂದು ತಿಳಿಯಬೇಕಾಗಿಲ್ಲ. ಮುಂಬೈಯ ಅಮೋಲ್ ಯಾದವ್ ಎಂಬ ವಿಮಾನಚಾಲಕರು ಕಾಂದಿವಲಿಯ ತಮ್ಮ ಮನೆಯ ಮಾಳಿಗೆಯ ಮೇಲೆ ಆರು ಆಸನಗಳ ವಿಮಾನವೊಂದನ್ನು ಕಟ್ಟಿದರು. 2017ರಲ್ಲಿ ಸರ್ಕಾರ ಅದನ್ನು ನೋಂದಾಯಿಸಿಕೊಂಡಿತು. ನಮ್ಮ ರಾಜ್ಯದ ಸಂಗತಿ ಇನ್ನೂ ಸ್ವಾರಸ್ಯವಾದದ್ದು. ಅಮೆರಿಕದ ಬರ್ಟ್ ರುಟಾನ್ ಮನೆಯಲ್ಲಿ ಕಟ್ಟುವವರಿಗಾಗಿಯೇ ‘ಲಾಂಗ್ ಈಜಿ’ ಎಂಬ ಪುಟ್ಟ ವಿಮಾನವನ್ನು ರೂಪಿಸಿದರು. ಅದು ಮೊದಲು ಹಾರಿದ್ದು 1979ರಲ್ಲಿ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದವರು 1980ರ ದಶಕದಲ್ಲಿ ತಮ್ಮ ಸಂಶೋಧನೆಗೆ ಹಗುರ ವಿಮಾನವೊಂದು ಬೇಕಾದಾಗ ಈ ವಿನ್ಯಾಸವನ್ನೇ ಆಧಾರವಾಗಿಟ್ಟುಕೊಂಡರು. ದೊಡ್ಡ ವಿದ್ವಾಂಸರ ಸಂಸ್ಥೆ ಗೃಹಸ್ಥನ ನಕ್ಷೆಯನ್ನು ಎದುರಿಗಿಟ್ಟುಕೊಂಡು ಕೈ ಕೆಸರು ಮಾಡಿಕೊಂಡದ್ದು ನನಗೆ ಬಹಳ ಮೆಚ್ಚಿಕೆಯ ವಿಷಯ. ಗಾಜಿನ ನೂಲಿನ ಬಟ್ಟೆ ಮತ್ತು ಅಂಟಿನಿಂದ ರೆಕ್ಕೆ ಮಾಡುವ ವಿದ್ಯೆ ಅಲ್ಲಿ ಬೆಳೆಯಿತು. 1993ರಲ್ಲಿ ಅದೇ ಸಂಸ್ಥೆಯ ಎರಡು ಆಸನದ ‘ಹಂಸ’ ಬಾನಿಗೇರಿತು.

ವಿಮಾನದಲ್ಲಿ ಸಮತೂಕವೆಂದರೆ ಎರಡು ಬಗೆ. ಇವೆರಡನ್ನೂ ಕಲಸಿಕೊಳ್ಳುವವರೇ ಹೆಚ್ಚು. ಒಂದು, ಬಂಡಿಯ ಸಮತೂಕ. ಹೇರು ಹಾಕಿ ಬಲ್ಲ ಹಿರಿಯರನ್ನು ಕೇಳಿರಿ: ಹಿಂಭಾರವಾದರೆ ಮೂಕಿ ಮೇಲಕ್ಕೆದ್ದು ನೊಗ ಎತ್ತಿನ ಕೊರಳನ್ನು ಜಗ್ಗುತ್ತದೆ, ಮುಂಭಾರವಾದರೆ ಹೆಗಲು ಹುಣ್ಣಾಗುತ್ತದೆ. ವಿಮಾನದೊಳಗೆ ಜನವನ್ನೂ ಎಣ್ಣೆಯನ್ನೂ ಸಾಮಾನನ್ನೂ ಎಲ್ಲಿ ಇಡಬೇಕೆಂಬ ಲೆಕ್ಕ ಈ ಜಾತಿಯದು. ಇನ್ನೊಂದು, ಏತದ ಸಮತೂಕ. ಕೀಲಿನ ಮೇಲೆ ತೂಗುವ ಉದ್ದನೆಯ ಮರ; ಒಂದು ತುದಿಗೆ ನೀರಿನ ಬಾನಿ, ಮತ್ತೊಂದು ಗಿಡ್ಡ ತುದಿಗೆ ಕಟ್ಟಿದ ಕಲ್ಲುಗುಂಡು. ಆ ಗುಂಡಿನಿಂದ ಬೇರೇನೂ ಪ್ರಯೋಜನವಿಲ್ಲ. ಆದರೆ ಅದಿಲ್ಲದ ಏತವನ್ನು ತುಳಿದವನ ಪಾಡು ತುಳಿದವನಿಗೇ ಗೊತ್ತು. ನಾನು ಹೇಳಹೊರಟದ್ದು ಈ ಎರಡನೆಯದು.

ರೆಕ್ಕೆಯ ಹಿಂದಂಚಿನಲ್ಲಿ ಬಾಗಿಲಿನಂತೆ ಕೀಲಿನ ಮೇಲೆ ಆಡುವ ಹಲಗೆಗಳಿರುತ್ತವೆ. ರೆಕ್ಕೆಯವಕ್ಕೆ ಏಲರಾನ್ ಎಂದು ಹೆಸರು. ಮೂತಿಯನ್ನು ಮೇಲೆ ಕೆಳಗೆ ಮಾಡುವವು ಎಲಿವೇಟರ್. ಬಾಲದಲ್ಲಿ ನೆಟ್ಟಗೆ ನಿಂತದ್ದು ರಡ್ಡರ್, ಅಂದರೆ ಚುಕ್ಕಾಣಿ. ಚಾಲಕನ ಕೈಕಾಲುಗಳ ಇಚ್ಛೆ ಗಾಳಿಗೆ ತಿಳಿಯುವುದು ಇವುಗಳ ಮೂಲಕ. ಬಾಗಿಲಿನ ತೂಕವೆಲ್ಲ ಕೀಲಿನ ಒಂದೇ ಪಕ್ಕಕ್ಕೆ ಇರುವಂತೆ, ಇವುಗಳ ತೂಕವೂ ಸಹಜವಾಗಿ ಕೀಲಿನ ಹಿಂದೆಯೇ ಬೀಳುತ್ತದೆ. ಅಪಾಯ ಹುಟ್ಟುವುದು ಇಲ್ಲಿಂದ.

ಗಾಳಿಯ ಒಂದು ಏಟಿಗೆ ರೆಕ್ಕೆ ಮೇಲಕ್ಕೆ ಬಾಗಿತು ಎನ್ನಿ. ರೆಕ್ಕೆಯ ಸಂಗಡ ಕೀಲೂ ಏರುತ್ತದೆ. ಹಿಂದೆ ತೂಕವಿರುವ ಏಲರಾನ್ ಮಾತ್ರ ಜಡತ್ವದಿಂದ ಹಿಂದುಳಿದು, ರೆಕ್ಕೆಯ ಮಟ್ಟಕ್ಕಿಂತ ಕೆಳಕ್ಕೆ ಇಳಿಯುತ್ತದೆ. ಏಲರಾನ್ ಇಳಿದರೆ ಆ ರೆಕ್ಕೆಯ ಎತ್ತುವ ಬಲ ಹೆಚ್ಚುತ್ತದೆ; ಮೇಲೇರುತ್ತಿದ್ದ ರೆಕ್ಕೆಗೆ ಇನ್ನೊಂದು ನೂಕು ಬೀಳುತ್ತದೆ. ಬಾಗಿದ ರೆಕ್ಕೆ ಬಿಲ್ಲಿನಂತೆ ಹಿಂತಿರುಗುವಾಗ ಇದೇ ಕಥೆ ತಲೆಕೆಳಗಾಗಿ ನಡೆಯುತ್ತದೆ. ಪಂಚಮಿಯ ಜೋಕಾಲಿಯನ್ನು ಹೊತ್ತಿಗೆ ಸರಿಯಾಗಿ ತಳ್ಳಿದರೆ ಅದು ಪ್ರತಿ ಸಲವೂ ಹೆಚ್ಚು ಎತ್ತರಕ್ಕೆ ಹೋಗುತ್ತದೆಯಲ್ಲವೆ? ಇಲ್ಲಿ ತಳ್ಳುವವನು ಗಾಳಿ, ಅವನಿಗೆ ಆಯಾಸವೆಂಬುದಿಲ್ಲ. ಮೆಲ್ಲನೆ ಹಾರುವಾಗ ಗಾಳಿ ಈ ಅದುರಾಟವನ್ನು ತಾನೇ ಅಡಗಿಸುತ್ತದೆ. ವೇಗ ಒಂದು ಮೇರೆಯನ್ನು ಮೀರಿತೋ, ಅಡಗಿಸುತ್ತಿದ್ದ ಗಾಳಿಯೇ ಉಣಿಸತೊಡಗುತ್ತದೆ. ಇದಕ್ಕೆ ಇಂಗ್ಲಿಷಿನಲ್ಲಿ ಫ್ಲಟರ್ ಎಂದು ಹೆಸರು. ಒಮ್ಮೆ ಹತ್ತಿಕೊಂಡಿತೆಂದರೆ ಕೆಲವೇ ಕ್ಷಣಗಳಲ್ಲಿ ಹಲಗೆಯೋ ರೆಕ್ಕೆಯೋ ಮುರಿದು ಹೋಗಬಲ್ಲದು. ಚಾಲಕನಿಗೆ ಯೋಚಿಸಲು ಸಮಯವಿರುವುದಿಲ್ಲ.

ಈ ತಿಳಿವಳಿಕೆ ಸುಮ್ಮನೆ ಬಂದದ್ದಲ್ಲ. 1916ರಲ್ಲಿ ಇಂಗ್ಲೆಂಡಿನ ಹ್ಯಾಂಡ್ಲಿ ಪೇಜ್ ಬಾಂಬರಿನ ಬಾಲ ಭಯಂಕರವಾಗಿ ಅದುರಿದಾಗ, ಮೋಟಾರು ಕಾರುಗಳಿಂದ ಹೆಸರಾಗಿದ್ದ ಲ್ಯಾಂಚೆಸ್ಟರ್ ಅದರ ಕಾರಣವನ್ನು ಶೋಧಿಸಿದರು. ಎಡಬಲದ ಎಲಿವೇಟರುಗಳು ಒಂದು ಮೇಲೆ ಒಂದು ಕೆಳಗೆ ಆಡುತ್ತ ವಿಮಾನದ ಒಡಲನ್ನೇ ಹಿಂಡುತ್ತಿದ್ದವು. ಎರಡನ್ನೂ ಗಟ್ಟಿ ಕೊಳವೆಯೊಂದರಿಂದ ಬಿಗಿದದ್ದೇ ಪರಿಹಾರವಾಯಿತು. ಮರುವರ್ಷ ಡಿ ಹ್ಯಾವಿಲೆಂಡ್ ವಿಮಾನವೊಂದಕ್ಕೂ ಇದೇ ರೋಗ ಬಡಿದು ಜೀವಗಳು ಹೋದವು. ಕೀಲಿನ ಮುಂದೆ ತೂಕವಿಟ್ಟು ರೋಗದ ಬೇರನ್ನೇ ಕತ್ತರಿಸಬಹುದೆಂದು ತೋರಿಸಿದವರು ಹಾಲೆಂಡಿನ ಬೌಮ್‌ಹೌವರ್ ಮತ್ತು ಕೋನಿಂಗ್. ಅದು 1922-23ರ ಮಾತು. ಹಲಗೆಯ ತೂಕದ ಕೇಂದ್ರ ಕೀಲಿನ ಮೇಲೆಯೇ ಬಂದು ಕುಳಿತರೆ, ರೆಕ್ಕೆ ಏರಿದಾಗ ಹಲಗೆ ಹಿಂದುಳಿಯಲು ಕಾರಣವೇ ಉಳಿಯುವುದಿಲ್ಲ. ಹಗುರಾಗಬೇಕೆಂದು ತಪಸ್ಸು ಮಾಡುವ ಯಂತ್ರಕ್ಕೆ ನಿರುಪಯೋಗಿ ಸೀಸವನ್ನು ಹೊರಿಸುವುದು! ಕೇಳಲು ವಿಪರೀತವೆನಿಸುತ್ತದೆ, ಏತದ ಗುಂಡನ್ನು ನೋಡಿದವನಿಗೆ ಹಾಗೆನಿಸದು.

ಈಗ ಕೆಲಸದ ಕ್ರಮ. ಹಲಗೆಯನ್ನು ಬಿಚ್ಚಿ, ಕೀಲಿನ ಗೆರೆಯಲ್ಲಿ ಎರಡು ಚೂಪಾದ ಅಂಚುಗಳ ಮೇಲೆ ಮಟ್ಟವಾಗಿ ಕೂರಿಸಬೇಕು. ಅಲುಗಾಡಲು ಎಳ್ಳಷ್ಟೂ ಬಿಗಿಯಿರಬಾರದು. ಹಿಂದಂಚಿನ ಕೆಳಗೆ ಪುಟ್ಟ ತಕ್ಕಡಿ. ತಕ್ಕಡಿ 200 ಗ್ರಾಂ ತೋರಿಸಿತು, ಆ ಅಂಚು ಕೀಲಿನಿಂದ 30 ಸೆಂಟಿಮೀಟರ್ ದೂರವಿದೆ ಎನ್ನಿ, ಗುಣಿಸಿದರೆ 6000. ಕೀಲಿನ ಮುಂದೆ 10 ಸೆಂಟಿಮೀಟರ್ ದೂರದಲ್ಲಿ ಸೀಸವಿಡುವುದಾದರೆ 600 ಗ್ರಾಂ ಬೇಕು. 15 ಸೆಂಟಿಮೀಟರಾದರೆ 400 ಗ್ರಾಂ ಸಾಕು. ಹಾಗಾದರೆ ಇನ್ನೂ ಉದ್ದದ ತೋಳು ಹಾಕಿ ಸೀಸ ಉಳಿಸಬಾರದೇಕೆ ಎಂದು ಜಾಣರು ಕೇಳಬಹುದು. ತೋಳು ಉದ್ದವಾಗಿ ಬಳುಕಿದರೆ, ಅದಕ್ಕೆ ತನ್ನದೇ ಆದ ಅದುರು ಹುಟ್ಟಿ, ಕಳ್ಳನನ್ನು ಕಾಯಲು ಕಳ್ಳನನ್ನೇ ಇಟ್ಟಂತಾಗುತ್ತದೆ. ಸೀಸವನ್ನು ಬರಿಯ ಅಂಟಿನ ನೆಚ್ಚಿಕೆಯ ಮೇಲೆ ಬಿಡಲಾಗದು. ಆಕಾಶದಲ್ಲಿ ಅದು ಕಳಚಿ ಬಿದ್ದರೆ ಅದುರಾಟಕ್ಕೆ ಬಾಗಿಲು ತೆರೆದಂತೆ.

ಹಂಪೆಯ ವಿಠ್ಠಲ ದೇವಾಲಯದ ಸಮೀಪದಲ್ಲಿ ರಾಜತುಲಾಭಾರದ ಕಲ್ಲುಕಂಬಗಳನ್ನು ವಾಚಕರು ಕಂಡಿರಬಹುದು. ಎರಡು ಕಂಬ, ಮೇಲೊಂದು ತೊಲೆ, ತೊಲೆಯಡಿಯಲ್ಲಿ ತಕ್ಕಡಿ ತೂಗಹಾಕಲು ಕಡೆದ ಬಳೆಗಳು. ಅಲ್ಲಿ ಅರಸನನ್ನು ಚಿನ್ನದಿಂದ ತೂಗಿ ದಾನ ಮಾಡುತ್ತಿದ್ದರೆಂದು ಹೇಳುತ್ತಾರೆ. ಚಿನ್ನ ಒಂದು ತೊಲ ಹೆಚ್ಚಾದರೂ ಅರಸನಿಗೆ ಪುಣ್ಯ, ದಾನ ಪಡೆದವನಿಗೆ ಲಾಭ. ವಿಮಾನದ ಹಲಗೆಯ ತಕ್ಕಡಿಗೆ ಇಂಥ ಔದಾರ್ಯವಿಲ್ಲ. ನಕ್ಷೆ ಬರೆದವರು ಗೊತ್ತುಮಾಡಿದ ಮಿತಿಯೊಳಗೇ ಅದು ನಿಲ್ಲಬೇಕು.

ಕಾರ್ಖಾನೆಯ ವಿಮಾನಕ್ಕೂ ಮನೆಯ ವಿಮಾನಕ್ಕೂ ಇರುವ ಅಂತರ ನಿಜವಾಗಿ ಕಾಣುವುದು ಇಲ್ಲಿ. ಕಾರ್ಖಾನೆಯಲ್ಲಿ ಒಂದೇ ಅಚ್ಚಿನಿಂದ ನೂರು ಹಲಗೆಗಳು ಬರುತ್ತವೆ, ತಪಾಸಣೆಗೆ ಬೇರೊಬ್ಬನಿರುತ್ತಾನೆ. ಮನೆಯಲ್ಲಿ ಅಂಟನ್ನು ಬಳಿಯುವವನೂ ತಾನೇ, ತೂಗುವವನೂ ತಾನೇ. ಗಾಜಿನ ಬಟ್ಟೆಗೆ ಅಂಟು ಒಂದು ಕೈ ಹೆಚ್ಚಾಗಿ ಕುಡಿಸಿದರೆ, ಅದೇ ನಕ್ಷೆಯ ಹಲಗೆ ಪಕ್ಕದವನದಕ್ಕಿಂತ ಹಿಂಭಾರವಾಗುತ್ತದೆ. ಆದುದರಿಂದ ನಕ್ಷೆಯಲ್ಲಿ ಇಷ್ಟು ಗ್ರಾಂ ಸೀಸವೆಂದು ಬರೆದಿದ್ದರೂ ಅದನ್ನು ಕಣ್ಣು ಮುಚ್ಚಿ ನಂಬಲಾಗದು. ತನ್ನ ಕೈಯ ಹಲಗೆಯನ್ನು ತಾನೇ ತೂಗಿ ನೋಡಬೇಕು.

ತೂಗಿದ್ದಾಯಿತು, ಸಮವಾಯಿತು. ಆಮೇಲೆ ಬಣ್ಣ ಬರುತ್ತದೆ. ವರ್ಷಗಟ್ಟಲೆ ದುಡಿದವನಿಗೆ ತನ್ನ ವಿಮಾನ ಹೊಳೆಯಬೇಕೆಂಬ ಆಸೆ ತಪ್ಪಲ್ಲ. ಆದರೆ ಬಣ್ಣದಲ್ಲಿ ಹೆಚ್ಚು ಪಾಲು ಬೀಳುವುದು ಕೀಲಿನ ಹಿಂದೆ. 40 ಗ್ರಾಂ ಬಣ್ಣ ಸರಾಸರಿ 12 ಸೆಂಟಿಮೀಟರ್ ಹಿಂದೆ ಕುಳಿತರೆ ಮುಂದೆ 48 ಗ್ರಾಂ ಸೀಸ ಸೇರಬೇಕು. ಹಿಂದಂಚಿನಲ್ಲಿ ಹಾಕಿದ 10 ಗ್ರಾಮಿನ ತೇಪೆ 30 ಗ್ರಾಂ ಸೀಸವನ್ನು ಬೇಡುತ್ತದೆ. ಈ ಕಾರಣದಿಂದ ಕಡೆಯ ಬಣ್ಣ ಒಣಗಿದ ಮೇಲೆ ಹಲಗೆಯನ್ನು ಮತ್ತೆ ಬಿಚ್ಚಿ, ಮತ್ತೆ ಚೂಪಂಚಿನ ಮೇಲೆ ಕೂರಿಸಬೇಕು. ಕಟ್ಟುವವನ ಮನಸ್ಸು ಜಾರುವ ಸ್ಥಳ ಇದೊಂದೇ ಎಂದು ನನ್ನ ಅಭಿಪ್ರಾಯ. ಹೊಸ ಬಣ್ಣ ಗೀರಾಗುತ್ತದೆ. ಮೊದಲ ಹಾರಾಟಕ್ಕೆ ನಂಟರಿಷ್ಟರನ್ನು ಕರೆದಾಗಿದೆ. ನಿನ್ನೆ ಸಮವಿದ್ದದ್ದು ಇಂದು ಎಷ್ಟು ತಪ್ಪೀತು ಎಂಬ ಮಾತು ನಾಲಗೆಯ ತುದಿಗೆ ಬರುತ್ತದೆ.

ಆ ಮಾತನ್ನು ಪುಸಲಾಯಿಸುವ ಇನ್ನೊಂದು ಸಂಗತಿಯುಂಟು. ಸಮತೂಕ ತಪ್ಪಿದ ವಿಮಾನವೂ ಹಾರುತ್ತದೆ, ಸೊಗಸಾಗಿಯೇ ಹಾರುತ್ತದೆ, ತನ್ನ ಮೇರೆಯ ವೇಗ ಬರುವವರೆಗೆ. ಮೇಲಾಗಿ ಈ ಮೇರೆ ಅನುಸರಿಸುವುದು ಗಾಳಿಯಲ್ಲಿ ವಿಮಾನದ ನಿಜವಾದ ವೇಗವನ್ನು. ಹತ್ತು ಸಾವಿರ ಅಡಿ ಎತ್ತರದಲ್ಲಿ ಗಾಳಿ ತೆಳುವಾದುದರಿಂದ, ಮುಂದಿರುವ ಮುಳ್ಳು ತೋರಿಸುವುದಕ್ಕಿಂತ ನಿಜವೇಗ ನೂರಕ್ಕೆ ಹದಿನಾರರಷ್ಟು ಹೆಚ್ಚಾಗಿರುತ್ತದೆ. ಮುಳ್ಳು ಕೆಂಪು ಗೆರೆಯ ಈಚೆಗೇ ಇದೆಯೆಂದು ನಂಬಿ ಮೂತಿ ತಗ್ಗಿಸಿದವನು ಮೇರೆಯನ್ನು ಆಗಲೇ ದಾಟಿರಬಹುದು.

ಮಳೆಗಾಲ ಕಳೆದ ಮೇಲೂ ಒಮ್ಮೆ ತೂಗುವುದುಂಟು. ಹಲಗೆಯ ಹಿಂದಂಚಿನ ಕೆಳಗೆ ನೀರು ಇಳಿದುಹೋಗಲೆಂದು ಸೂಜಿಯ ಕಣ್ಣಿಗಿಂತ ಸ್ವಲ್ಪ ದೊಡ್ಡ ತೂತುಗಳಿರುತ್ತವೆ. ಅವು ಧೂಳಿನಿಂದಲೋ, ಕಣಜದ ಮಣ್ಣಿನ ಗೂಡಿನಿಂದಲೋ ಮುಚ್ಚಿಹೋದರೆ ಒಳಗೆ ನೀರು ನಿಲ್ಲುತ್ತದೆ, ಅದೂ ಕೀಲಿನಿಂದ ಎಲ್ಲಕ್ಕಿಂತ ದೂರದಲ್ಲಿ. ಬಲ್ಲವರು ಹಾರುವ ಮುನ್ನ ಆ ತೂತುಗಳಲ್ಲಿ ತಂತಿಯಾಡಿಸಿ, ಹಲಗೆಯನ್ನು ಕೈಯಿಂದ ಮೆಲ್ಲನೆ ತೂಗಿ ನೋಡಿ, ಆಮೇಲೆ ಎಂಜಿನ್ನಿನ ಕಡೆಗೆ ಹೋಗುತ್ತಾರೆ.